ಅಂಗಡಿಗೆ ಬಂದ ನವರಂಗ, ಮತ್ತೆ ಕಾಡು ಸೇರೀತೇ?

(ನಮ್ಮ ಪ್ರತಿನಿಧಿಯಿಂದ)

ಕಡೂರು: ಬೆಳಿಗ್ಗೆ ಆರೂವರೆ ಗಂಟೆ. ಬಸ್ ನಿಲ್ದಾಣದ ಹತ್ತಿರದ ದಿನಸಿ ಅಂಗಡಿ. ಯಜಮಾನರು ಷಟರ್ ಎತ್ತಿ, ಮುಂದಿನ ಜಾಗಕ್ಕೆ ನೀರು ಹಾಕಿ, ಒಳಗೆ ಬಂದು ದೇವರ ಪಟಕ್ಕೆ ಊದುಬತ್ತಿ ಹಚ್ಚಲು ಕಡ್ಡಿ ಗೀರಿದರು. ಬೆಲ್ಲದ ಮೂಟೆಯ ಸಂದಿಯಲ್ಲಿ ಏನೋ ಸರಕ್ಕೆಂದಿತು. ಇಲಿ ಬಂತಲ್ಲಪ್ಪ ಎಂದು ಪೊರಕೆ ಎತ್ತಿಕೊಂಡು ಹೋದರೆ ಅಲ್ಲಿ ಇಲಿ ಇರಲಿಲ್ಲ, ಹಕ್ಕಿ ಇತ್ತು.

ಅದೂ ಎಂಥಾ ಹಕ್ಕಿ! ಬೆನ್ನು ಹಸಿರು. ಹೊಟ್ಟೆ ಕಡಲೆಹಿಟ್ಟಿನ ಬಣ್ಣ. ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ರೆಕ್ಕೆಯ ಮೇಲೆ ಫಳಫಳ ಎನ್ನುವ ನೀಲಿ. ಕಣ್ಣಿಗೆ ದಪ್ಪಗೆ ಕಾಡಿಗೆ ಎಳೆದಂತೆ ಕಪ್ಪು ಪಟ್ಟೆ, ಅದರ ಮೇಲೆ ಬಿಳಿ ಹುಬ್ಬು. ತಲೆ ಕಂದು, ಕತ್ತು ಬಿಳಿ, ಕಾಲು ತಿಳಿ ಗುಲಾಬಿ. ಬಾಲ ಮಾತ್ರ ಇಲ್ಲವೇನೋ ಎನ್ನುವಷ್ಟು ಮೊಂಡು. ದರ್ಜಿಯ ಅಂಗಡಿಯ ಚೂರು ಬಟ್ಟೆಯನ್ನೆಲ್ಲಾ ಸೇರಿಸಿ ಹೊಲಿದು, ಬಾಲಕ್ಕೆ ಬರುವ ಹೊತ್ತಿಗೆ ಬಟ್ಟೆ ಮುಗಿದು ಹೋದಂತಿತ್ತು.

ಹತ್ತು ನಿಮಿಷದಲ್ಲಿ ಅಂಗಡಿ ಮುಂದೆ ಜಾತ್ರೆ. ಚಿಕ್ಕಮಗಳೂರು ಬಸ್ಸಿಗೆ ಕಾದವರು, ಬೀರೂರು ಕಡೆಗೆ ಹೊರಟವರು, ಹಾಲಿನ ಕ್ಯಾನು ಇಳಿಸುತ್ತಿದ್ದವರು ಎಲ್ಲರೂ ಸೇರಿದರು.

"ಯಾವ್ ದೇಶದ್ ಗಿಣಿನೋ ಇದು?"

"ಗಿಣಿ ಅಲ್ಲ ಕಣಣ್ಣ, ಯಾರೋ ಸಾಕಿರೋದು ತಪ್ಪಿಸ್ಕೊಂಡ್ ಬಂದೈತೆ. ಬೆಂಗ್ಳೂರ್ನಾಗೆ ಇಂಥವಕ್ಕೆ ಸಾವ್ರಾರ್ ರೂಪಾಯಿ."

"ಲಕ್ಷ್ಮಿ ಬಂದಂಗೆ ಬಂದೈತೆ ಯಜಮಾನ್ರೇ, ಬಿಡಬ್ಯಾಡಿ. ಪಂಜರದಾಗೆ ಇಟ್ಕಳಿ."

ಮೊಬೈಲುಗಳು ಮೇಲೆದ್ದವು. ಹಕ್ಕಿಯ ಫೋಟೋ ಏಳು ಗಂಟೆಯೊಳಗೆ ವಾಟ್ಸಾಪಿನಲ್ಲಿ ಊರೆಲ್ಲಾ ಸುತ್ತಿತು. ಹಕ್ಕಿ ಮಾತ್ರ ಬೆಲ್ಲದ ಮೂಟೆಗೆ ಒರಗಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಕಳೆದ ಅಕ್ಟೋಬರ್ ಕೊನೆಯ ವಾರದಲ್ಲಿ ಈ ವರದಿಗಾರನ ಕಣ್ಣೆದುರಿಗೇ ನಡೆದದ್ದು ಇದು.

ಗಿಣಿಯಲ್ಲ, ನವರಂಗ

ಓದುಗರೇ, ಆ ಹಕ್ಕಿ ಗಿಣಿಯಲ್ಲ, ಪರದೇಶದ್ದೂ ಅಲ್ಲ. ಅದರ ಹೆಸರು ನವರಂಗ. ಒಂಬತ್ತು ಬಣ್ಣ ಇರುವುದರಿಂದ ಕನ್ನಡದಲ್ಲಿ ಆ ಹೆಸರು. ಹಿಂದಿಯಲ್ಲೂ ಅದೇ ಅರ್ಥದ ಹೆಸರೇ ಇದೆ. ಇಂಗ್ಲಿಷಿನವರು ಪಿಟ್ಟಾ ಎನ್ನುತ್ತಾರೆ. ಆ ಮಾತೂ ಅವರದಲ್ಲ, ತೆಲುಗಿನಿಂದ ತೆಗೆದುಕೊಂಡದ್ದು. ತೆಲುಗಿನಲ್ಲಿ ಪಿಟ್ಟ ಅಂದರೆ ಸಣ್ಣ ಹಕ್ಕಿ. ತಮಿಳು ನಾಡಿನ ಹಳ್ಳಿಯವರು ಇದನ್ನು ಆರು ಗಂಟೆ ಹಕ್ಕಿ ಎಂದು ಕರೆಯುತ್ತಾರೆ. ಬೆಳಗಿನ ಆರು, ಸಂಜೆಯ ಆರು ಗಂಟೆಯ ಸುಮಾರಿಗೆ ಎರಡು ಸ್ವರದ ಸಿಳ್ಳೆ ಹಾಕುವುದು ಇದರ ಪದ್ಧತಿ. ನಮ್ಮ ಬಸ್ಸುಗಳಿಗಿಂತ ಈ ಹಕ್ಕಿಗೆ ವೇಳಾಪಟ್ಟಿ ಗೊತ್ತು ಎಂದರೆ ಪ್ರಯಾಣಿಕರು ಬೇಸರ ಮಾಡಿಕೊಳ್ಳಲಾರರು.

ಗಾತ್ರ ಮೈನಾ ಹಕ್ಕಿಗಿಂತ ಸ್ವಲ್ಪ ಚಿಕ್ಕದು. ತೂಕ ಹೆಚ್ಚು ಕಡಿಮೆ ಒಂದು ಕೋಳಿಮೊಟ್ಟೆಯದು. ಗಂಡು ಹೆಣ್ಣು ನೋಡಲು ಒಂದೇ ಥರ. ಹಾರುವುದಕ್ಕಿಂತ ನೆಲದ ಮೇಲೆ ಕುಪ್ಪಳಿಸುವುದೇ ಹೆಚ್ಚು. ಮರದ ನೆರಳಿನಲ್ಲಿ ಬಿದ್ದ ತರಗೆಲೆಯನ್ನು ಕೊಕ್ಕಿನಿಂದ ಮಗುಚಿ ಮಗುಚಿ ಅಡಿಯಲ್ಲಿರುವ ಹುಳ, ಎರೆಹುಳ, ಗೆದ್ದಲು, ಜೀರುಂಡೆ ಹೆಕ್ಕಿ ತಿನ್ನುತ್ತದೆ. ರಾತ್ರಿ ಮಲಗುವುದು ಮಾತ್ರ ಮರದ ಮೇಲೆ. ಇಷ್ಟು ಬಣ್ಣ ಇದ್ದರೂ ಕಾಡಿನ ನೆಳಲು ಬಿಸಿಲಿನಲ್ಲಿ ಮಾರು ದೂರದಲ್ಲಿ ಕೂತರೂ ಕಾಣುವುದಿಲ್ಲ. ಆದ್ದರಿಂದಲೇ ನಮ್ಮ ಕಡೆಯ ಎಷ್ಟೋ ಜನ ಹುಟ್ಟಿ ಮುದುಕರಾದರೂ ಇದನ್ನು ನೋಡಿಲ್ಲ. ನೋಡಿದವರು ಹೀಗೆ ಅಂಗಡಿಯಲ್ಲೋ, ಸ್ನಾನದ ಮನೆಯಲ್ಲೋ, ಶಾಲೆಯ ಜಗಲಿಯಲ್ಲೋ ಬಿದ್ದಾಗ ನೋಡಿದವರು.

ಎರಡು ಸಾವಿರ ಕಿಲೋಮೀಟರಿನ ಪಯಣಿಗ

ಹಾಗಾದರೆ ಕಾಡಿನ ಹಕ್ಕಿ ಬೆಲ್ಲದ ಮೂಟೆಯ ಸಂದಿಗೆ ಬಂದದ್ದು ಹೇಗೆ?

ನವರಂಗಗಳಲ್ಲಿ ಬಹುಪಾಲು ಮರಿ ಮಾಡುವುದು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ. ಮುಂಗಾರು ಮಳೆ ಬೀಳುವಾಗ ಒಣಹುಲ್ಲು, ಕಡ್ಡಿ, ಎಲೆ ಸೇರಿಸಿ ಚೆಂಡಿನಂಥ ಗೂಡು ಕಟ್ಟಿ, ನಾಲ್ಕೈದು ಮೊಟ್ಟೆ ಇಡುತ್ತವೆ. ಮಳೆ ನಿಂತು ಉತ್ತರದಲ್ಲಿ ಚಳಿ ಹತ್ತಿಕೊಂಡರೆ ಹುಳಹುಪ್ಪಟೆ ಸಿಗುವುದಿಲ್ಲ. ಆಗ ಗಂಟುಮೂಟೆ ಇಲ್ಲದೆ ದಕ್ಷಿಣಕ್ಕೆ ಹೊರಡುತ್ತವೆ. ಕರ್ನಾಟಕ, ಕೇರಳ, ತಮಿಳು ನಾಡಿನ ಕಾಡುಗಳಿಗೆ ಬಂದಿಳಿಯುತ್ತವೆ. ಇನ್ನು ಕೆಲವು ಸಮುದ್ರ ದಾಟಿ ಶ್ರೀಲಂಕೆಗೂ ಹೋಗುತ್ತವೆ. ಮತ್ತೆ ಏಪ್ರಿಲ್-ಮೇ ತಿಂಗಳಲ್ಲಿ ವಾಪಸು ಪಯಣ.

ಹಿಮಾಲಯದ ತಪ್ಪಲಿಂದ ನಮ್ಮ ಕಡೂರಿಗೆ ಹತ್ತಿರ ಹತ್ತಿರ 2000 ಕಿಲೋಮೀಟರ್. ಕಡೂರಿಂದ ಬೆಂಗಳೂರಿಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಿ ಬಂದರೆ ನಮಗೆ ಸೊಂಟ ಹಿಡಿಯುತ್ತದೆ. ಕೋಳಿಮೊಟ್ಟೆಯ ತೂಕದ ಜೀವ ಅಷ್ಟು ದೂರವನ್ನು ತನ್ನ ರೆಕ್ಕೆಯಿಂದಲೇ ಮುಗಿಸುತ್ತದೆ. ಅದೂ ರಾತ್ರಿ ಹೊತ್ತು! ನವರಂಗ ಹಾರುವುದು ಕತ್ತಲಲ್ಲಿ, ಇಳಿಯುವುದು ಬೆಳಗಿನ ಜಾವಕ್ಕೆ. ಇಳಿದಲ್ಲಿ ಒಂದಿಷ್ಟು ಪೊದೆ, ನೆರಳು, ಹುಳ ಸಿಕ್ಕಿದರೆ ದಣಿವಾರಿಸಿಕೊಂಡು ಮುಂದೆ ಹೊರಡುತ್ತದೆ. ನಮ್ಮ ಕೆ.ಎಸ್.ಆರ್.ಟಿ.ಸಿ. ಬಸ್ಸು ದಾರಿಯಲ್ಲಿ ಕಾಫಿಗೆ ನಿಲ್ಲುವ ಹಾಗೆ.

ತೊಂದರೆ ಶುರುವಾಗುವುದು ಇಲ್ಲಿ. ರಾತ್ರಿ ಹಾರುವ ಹಕ್ಕಿಗಳಿಗೆ ಊರಿನ ಪ್ರಖರ ದೀಪಗಳು ದಿಕ್ಕು ತಪ್ಪಿಸುತ್ತವೆಂದು ಹಕ್ಕಿಗಳ ಬಗ್ಗೆ ತಿಳಿದವರು ಜಗತ್ತಿನ ಎಲ್ಲಾ ಕಡೆ ಹೇಳುತ್ತಿದ್ದಾರೆ. ದೀಪದ ಸುತ್ತ ತಿರುಗಿ ತಿರುಗಿ ಸುಸ್ತಾಗಿ, ಬೆಳಗಾಗುವ ಹೊತ್ತಿಗೆ ಊರ ಮಧ್ಯೆ ಬೀಳುತ್ತವೆ. ಬಿದ್ದ ಕೂಡಲೇ ಕಾಗೆಗಳು ಅಟ್ಟಿಸಿಕೊಂಡು ಬರುತ್ತವೆ. ಕತ್ತಲು ಇರುವ ಜಾಗ ಎಲ್ಲಿ ಎಂದು ಹುಡುಕುತ್ತಾ ತೆರೆದ ಷಟರಿನೊಳಗೆ ನುಗ್ಗುತ್ತವೆ. ಬೆಲ್ಲದ ಮೂಟೆಯ ಸಂದಿ ಅದಕ್ಕೆ ಕಾಡಿನ ಪೊದೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೂರು ಊರು, ಮೂರು ಹಕ್ಕಿ

ಕಡೂರಿನ ಹಕ್ಕಿಯ ಕಥೆ ಕೊನೆಗೆ ಹೇಳುತ್ತೇನೆ. ಮೊದಲು ತರೀಕೆರೆಗೆ ಹೋಗೋಣ.

ಅದೇ ವಾರ ತರೀಕೆರೆಯಲ್ಲಿ, ಮುಂಭಾಗಕ್ಕೆಲ್ಲಾ ಗಾಜು ಹಾಕಿಸಿದ ಹೊಸ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಇನ್ನೊಂದು ನವರಂಗ ಬಿದ್ದಿತ್ತು. ಕಸ ಗುಡಿಸಲು ಬಂದ ಹೆಣ್ಣುಮಗಳು ಮೊದಲು ನೋಡಿದ್ದು. "ಯಾರೋ ಮಗೀನ್ ಆಟದ್ ಸಾಮಾನು ಬೀಳ್ಸಿ ಹೋಗವ್ರೆ ಅನ್ಕಂಡೆ ಸಾ. ಎತ್ಕಂಡ್ರೆ ಇನ್ನೂ ಮೈ ಬೆಚ್ಚಗಿತ್ತು" ಎಂದಳು ಆಕೆ. ಎದುರಿಗಿದ್ದ ಮರ ಗಾಜಿನಲ್ಲಿ ಪ್ರತಿಬಿಂಬವಾಗಿ ಕಾಣುತ್ತಿತ್ತು. ಮರವೆಂದು ನಂಬಿ ಹಾರಿದ ಹಕ್ಕಿ ಗಾಜಿಗೆ ಬಡಿದು ಸತ್ತಿತ್ತು. ಎರಡು ಸಾವಿರ ಕಿಲೋಮೀಟರ್ ಬಂದದ್ದು ಒಂದು ಗಾಜಿಗೆ ಮುಗಿಯಿತು. ಅಂಗಡಿಯವರೂ ಮರುಗಿದರು. "ನಾವೇನ್ ಬೇಕಂತ ಮಾಡಿದ್ವಾ?" ಎಂದರು. ನಿಜ, ಬೇಕಂತ ಮಾಡಿದವರು ಯಾರೂ ಇಲ್ಲ.

ಅಜ್ಜಂಪುರದ್ದು ಇನ್ನೊಂದು ಬಗೆ. ರೈಲ್ವೆ ಸ್ಟೇಷನ್ ಕಡೆಯ ಬೇವಿನ ಮರದಡಿ ಹುಡುಗರು ಹಕ್ಕಿಯೊಂದನ್ನು ಹಿಡಿದು ಕಾಲಿಗೆ ದಾರ ಕಟ್ಟಿದ್ದರು. ಒಬ್ಬನ ಕುತ್ತಿಗೆಯಲ್ಲಿ ಕ್ಯಾಟರ್‌ಬಿಲ್ಲು ನೇತಾಡುತ್ತಿತ್ತು. ಆ ದಾರಿಯಲ್ಲಿ ಬಂದ ಅಜ್ಜನೊಬ್ಬ, ಹಿಂದೆ ಅಮೃತಮಹಲ್ ಕಾವಲಿನ ಬದಿಯಲ್ಲಿ ದನ ಕಾಯ್ದವನು, ಗದರಿಸಿ ದಾರ ಬಿಚ್ಚಿಸಿದ. "ನಾವು ಹುಡುಗ್ರಾಗಿದ್ದಾಗ ಕಾಡಿಗೆ ಸೊಪ್ಪಿಗೆ ಹೋದ್ರೆ ಎಲೆ ಕೆದಕ್ತಾ ಇರ್ತಿತ್ತು ಕಣಪ್ಪ ಇದು. ಈಗ ಎಲೇನೂ ಇಲ್ಲ, ಕೆದಕೋದೂ ಇಲ್ಲ" ಎಂದ. ಬಿಟ್ಟ ಹಕ್ಕಿ ಕುಂಟುತ್ತಾ ಬೇಲಿಯ ಕತ್ತಾಳೆಯೊಳಗೆ ಸೇರಿತು. ಬದುಕಿತೋ ಬೆಕ್ಕಿನ ಪಾಲಾಯಿತೋ ಭಗವಂತ ಬಲ್ಲ.

ಇಂಥಾ ಹಕ್ಕಿ ಬಿದ್ದಾಗ ಏನು ಮಾಡಬೇಕೆಂದು ಕೇಳಲು ಒಂದು ಕಚೇರಿಗೆ ಫೋನು ಮಾಡಿದ್ದಾಯಿತು. "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ಹುಲಿ ಚಿರತೆ ಆದ್ರೆ ಹೇಳಿ" ಎಂಬ ಉತ್ತರ ಬಂತು. ಯಾವ ಕಚೇರಿ ಎಂಬುದು ಬೇಡ. ಹುಲಿಗೆ ಇರುವ ಯೋಗ ಹಕ್ಕಿಗೆ ಇಲ್ಲ ಎಂಬುದಂತೂ ತಿಳಿಯಿತು.

ಇಳಿಯಲು ಜಾಗವೆಲ್ಲಿ?

ನಮ್ಮ ಮೂರು ಊರು ಬಯಲುಸೀಮೆಗೂ ಮಲೆನಾಡಿಗೂ ನಡುವಿನ ಹೊಸ್ತಿಲು. ಪೂರ್ವಕ್ಕೆ ಈರುಳ್ಳಿ, ರಾಗಿ, ತೆಂಗು. ಪಶ್ಚಿಮಕ್ಕೆ ನೋಡಿದರೆ ಬಾಬಾಬುಡನ್ ಗಿರಿಸಾಲು, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ. ಅದರಾಚೆ ಭದ್ರಾ ಅಭಯಾರಣ್ಯ. ಉತ್ತರದಿಂದ ಬರುವ ಹಕ್ಕಿಗೆ ಮಲೆನಾಡಿನ ಮನೆ ಸೇರುವ ಮುಂಚೆ ಸಿಗುವ ಕೊನೆಯ ನಿಲ್ದಾಣಗಳಲ್ಲಿ ನಮ್ಮದೂ ಒಂದು.

ಆ ನಿಲ್ದಾಣ ಹೇಗಿತ್ತು, ಹೇಗಾಗಿದೆ? ಗಿರಿಯಿಂದ ಇಳಿದ ವೇದಾ ಹಳ್ಳ ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸುತ್ತದೆ. ಅವತಿ ಹಳ್ಳ ಮದಗದ ಕೆರೆ ತುಂಬಿಸುತ್ತದೆ. ಎರಡೂ ಸೇರಿ ವೇದಾವತಿ. ಈ ಹಳ್ಳಗಳ ದಂಡೆಗುಂಟ ಹೊಂಗೆ, ಮತ್ತಿ, ಬಿದಿರು, ಲಂಟಾನದ ಪೊದೆ. ತೋಟಗಳಿಗೆ ಕತ್ತಾಳೆ, ಕಳ್ಳಿ, ಸೀಗೆಯ ಬೇಲಿ. ರಸ್ತೆ ಬದಿಗೆ ಆಲ, ಹುಣಸೆ, ಮಾವಿನ ಸಾಲುಮರ. ದಣಿದ ನವರಂಗಕ್ಕೆ ಇವೇ ಛತ್ರ, ಇವೇ ಊಟದ ಮನೆ.

ಈಗ ಬೇಲಿಗೆ ತಂತಿ ಬಂದಿದೆ, ಕಲ್ಲಿನ ಕಂಬ ಬಂದಿದೆ. ಹಳ್ಳದ ದಂಡೆಯನ್ನು ಜೆಸಿಬಿ ಯಂತ್ರ ಬೋಳು ಮಾಡಿ ತೋಟಕ್ಕೆ ಸೇರಿಸಿದೆ. ತುಮಕೂರು-ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡುವಾಗ ನೆರಳಿನ ಮರಗಳು ಉರುಳಿದ್ದನ್ನು ಆ ದಾರಿಯ ಪ್ರಯಾಣಿಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರಸ್ತೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಉರುಳಿದ ಮರದ ಬದಲಿಗೆ ನೆಟ್ಟ ಸಸಿಯ ಸುತ್ತ ಬೇಲಿ ಇದೆಯೇ, ನೀರು ಇದೆಯೇ, ಅದು ಬದುಕಿದೆಯೇ ಎಂದು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನೋಡಿ.

ಅಡಿಕೆ ತೋಟವಾದರೂ ನೆರಳಲ್ಲವೇ ಎಂದು ಕೇಳಬಹುದು. ಹೌದು, ನೆರಳೇ. ಸೋಗೆ, ತರಗು ಬಿದ್ದ, ಒದ್ದೆ ಮಣ್ಣಿನ ಹಳೆಯ ತೋಟದಲ್ಲಿ ನವರಂಗ ಸಂತೋಷವಾಗಿರುತ್ತದೆ. ಆದರೆ ಕಳೆನಾಶಕ ಹೊಡೆದು, ನೆಲವನ್ನು ಸಿಮೆಂಟಿನಂತೆ ಬೋಳು ಮಾಡಿದ ತೋಟದಲ್ಲಿ ಎರೆಹುಳ ಎಲ್ಲಿಂದ ಬರಬೇಕು? ಎರೆಹುಳ ಇಲ್ಲದ ಕಡೆ ನವರಂಗಕ್ಕೆ ಏನು ಕೆಲಸ? ಹಕ್ಕಿ ಕಾಣದಿದ್ದರೆ ನಷ್ಟ ಹಕ್ಕಿಗೆ ಮಾತ್ರವಲ್ಲ, ತೋಟದ ಮಣ್ಣಿಗೂ ಕಾಯಿಲೆ ಎಂದು ತಿಳಿಯಬೇಕು.

ಬೆಂಕಿಗೂ ಗೂಡಿಗೂ ಒಂದೇ ಕಾಲ

ಇನ್ನು ಕಾಡಿನ ಮಾತು. ಲಕ್ಕವಳ್ಳಿ, ತಣಿಗೆಬೈಲು, ಹೆಬ್ಬೆ, ಮುತ್ತೋಡಿ ಸೇರಿದ ಭದ್ರಾ ಕಾಡು ನಮ್ಮ ಜಿಲ್ಲೆಯ ಹೆಮ್ಮೆ. 1951ರಲ್ಲಿ ಜಾಗರ ಕಣಿವೆಯ ಸಣ್ಣ ಭಾಗವನ್ನು ಕಾಯ್ದಿಟ್ಟದ್ದು ಮೊದಲು. 1974ರಲ್ಲಿ ಅದು ಬೆಳೆದು ಭದ್ರಾ ವನ್ಯಜೀವಿಧಾಮವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿನ ಕಾಡು ಸುಮಾರು 492 ಚದರ ಕಿಲೋಮೀಟರ್. ಅಲ್ಲಿಗೆ ಹೋಗುವ ಪ್ರವಾಸಿಗರು ಹುಲಿ ಕೇಳುತ್ತಾರೆ, ಆನೆ ಕೇಳುತ್ತಾರೆ. ಲಕ್ಕವಳ್ಳಿಯ ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆ ಇಡುವ ರೀವ ಹಕ್ಕಿಗಳನ್ನು ದೊಡ್ಡ ಕ್ಯಾಮೆರಾ ಹಿಡಿದು ನೋಡುತ್ತಾರೆ. ತರಗೆಲೆ ಮಗುಚುವ ನವರಂಗವನ್ನು ಕೇಳುವವರು ಕಡಿಮೆ.

ಚಳಿಗಾಲದ ಅತಿಥಿಯಾದ ನವರಂಗಕ್ಕೆ ಭದ್ರಾ ಕಾಡು ಹೇಳಿ ಮಾಡಿಸಿದ್ದು. ಎಲೆ ಉದುರುವ ಮರಗಳು, ಬಿದಿರ ಮೆಳೆ, ಅಡಿಯಲ್ಲಿ ದರಗಿನ ಹಾಸಿಗೆ. ಆದರೆ ಆ ದರಗಿಗೇ ಜನವರಿ ಕಳೆದ ಮೇಲೆ ಬೆಂಕಿಯ ಭಯ. ಯಾರೋ ಬೀಡಿ ಎಸೆದರು, ಯಾರೋ ಹುಲ್ಲು ಚಿಗುರಲೆಂದು ಕಡ್ಡಿ ಗೀರಿದರು, ಯಾರೋ ಇಲಾಖೆಯ ಮೇಲಿನ ಸಿಟ್ಟಿಗೆ ಹಚ್ಚಿದರು. ನೆಲದ ಬೆಂಕಿಗೆ ದೊಡ್ಡ ಮರ ಸಾಯುವುದಿಲ್ಲ, ಆದ್ದರಿಂದ ದೂರದಿಂದ ನೋಡಿದವರಿಗೆ ಕಾಡು ಹಾಗೇ ಕಾಣುತ್ತದೆ. ಆದರೆ ತರಗೆಲೆ, ಅದರೊಳಗಿನ ಹುಳ, ಸಣ್ಣ ಗಿಡ, ಬಿದ್ದ ಕೊರಡು ಎಲ್ಲಾ ಬೂದಿ. ನವರಂಗದ ಊಟದ ತಟ್ಟೆಯೇ ಸುಟ್ಟಂತೆ.

ನವರಂಗವಾದರೂ ಅತಿಥಿ, ಹಾರಿ ಹೋದೀತು. ಅಲ್ಲೇ ಹುಟ್ಟಿ ಅಲ್ಲೇ ಸಾಯುವ ಇನ್ನೊಂದು ಬಣ್ಣದ ಹಕ್ಕಿ ಇದೆ, ಕಾಕರಣೆ. ಮುತ್ತೋಡಿಯ ದಟ್ಟ ನೆರಳಿನಲ್ಲಿ ಕೊಂಬೆಯ ಮೇಲೆ ಗೊಂಬೆಯಂತೆ ಅಲ್ಲಾಡದೆ ಕೂರುವ ಹಕ್ಕಿ. ಗಂಡಿನ ತಲೆ ಕಪ್ಪು, ಎದೆಗೊಂದು ಬಿಳಿ ಪಟ್ಟಿ, ಹೊಟ್ಟೆ ಸಿಂಧೂರ ಕೆಂಪು. ಹೆಣ್ಣಿನದು ಕಂದು ಹಳದಿ. ಪಶ್ಚಿಮಘಟ್ಟ, ಪೂರ್ವಘಟ್ಟದ ಕೆಲವು ಕಾಡು, ಶ್ರೀಲಂಕಾ ಬಿಟ್ಟರೆ ಹೆಚ್ಚು ಕಡೆ ಕಾಣದು. ಬಯಲು ದಾಟಿ ಬೇರೆ ಕಾಡಿಗೆ ಹೋಗುವ ಸ್ವಭಾವ ಇದಕ್ಕಿಲ್ಲ. ಕಾಡು ತುಂಡಾದರೆ ತುಂಡಿನಲ್ಲೇ ಸಿಕ್ಕಿಬೀಳುತ್ತದೆ.

ಕಾಕರಣೆ ಗೂಡು ಮಾಡುವುದು ಸತ್ತು ಮೆತ್ತಗಾದ ಮರದ ಮೋಟಿನಲ್ಲಿ. ಇದರ ಕೊಕ್ಕಿಗೆ ಮರಕುಟಿಗನ ಬಲ ಇಲ್ಲ. ಲಡ್ಡು ಹಿಡಿದ ಮರವೇ ಬೇಕು. ಗಂಡು ಹೆಣ್ಣು ಸೇರಿ ವಾರಗಟ್ಟಲೆ ಕೊರೆದು ಎರಡೋ ಮೂರೋ ಮೊಟ್ಟೆ ಇಡುತ್ತವೆ. ಯಾವಾಗ? ಫೆಬ್ರವರಿಯಿಂದ ಮೇ ತಿಂಗಳವರೆಗೆ. ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ! ಮರಿ ಗೂಡು ಬಿಟ್ಟ ಮೇಲೂ ತಿಂಗಳುಗಟ್ಟಲೆ ತಾಯ್ತಂದೆಯ ಹಿಂದೆಯೇ ಇರುತ್ತದೆ. ಒಂದು ವರ್ಷದ ಗೂಡು ಹೋಯಿತೆಂದರೆ ಆ ಜೋಡಿಗೆ ವರ್ಷವೇ ಹೋದಂತೆ.

ನಮ್ಮ ಕಣ್ಣಿಗೆ ಒಣಗಿದ ಮೋಟು ಮರ ಎಂದರೆ ಸೌದೆ. "ಸತ್ತ ಮರ ತಾನೇ, ಯಾರಿಗೇನು ನಷ್ಟ?" ಎನ್ನುತ್ತೇವೆ. ಸತ್ತ ಮರವೇ ಕಾಕರಣೆಗೆ ಬಾಣಂತಿ ಕೋಣೆ ಎಂಬುದು ನಮಗೆ ತಿಳಿದಿಲ್ಲ. ಮಂಗಟ್ಟೆ ಹಕ್ಕಿಯ ಪಾಡೂ ಇದೇ. ಅದಕ್ಕೆ ದೊಡ್ಡ ಹಳೆಯ ಮರದ ಪೊಟರೆ ಬೇಕು. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಗಂಡು ಸಣ್ಣ ಸಂದಿಯಿಂದ ಹಣ್ಣು ಕೊಡುತ್ತದೆ. ಮರ ಬಿದ್ದರೆ, ಗಂಡು ಸತ್ತರೆ, ಇಡೀ ಸಂಸಾರ ಮುಗಿದಂತೆ.

ನೂರು ವರ್ಷದ ಲೆಕ್ಕ

ಈ ಕಾಡು ಇಷ್ಟಾದರೂ ಉಳಿದದ್ದೇ ದೊಡ್ಡದು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ಟ್ರಾಮ್ ರೈಲು ಕಾಡಿನ ನಡುವೆ ಓಡುತ್ತಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಅದಿರು ಹೋದದ್ದು ಕೆಮ್ಮಣ್ಣುಗುಂಡಿಯಿಂದ. ಕುಲುಮೆ ಉರಿದದ್ದು ಇದ್ದಿಲಿನಿಂದ, ಇದ್ದಿಲು ಬಂದದ್ದು ಸುತ್ತಲ ಕಾಡಿನಿಂದ. ಆಮೇಲೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದಿತು, ಕಣಿವೆಯ ಕಾಡು ನೀರಿನಡಿ ಹೋಯಿತು. ಕಾಗದದ ಕಾರ್ಖಾನೆಗಾಗಿ ನೀಲಗಿರಿ, ಅಕೇಶಿಯಾ ನೆಡುತೋಪು ಬಂದವು. ಇವುಗಳಿಂದ ನಾಡಿಗೆ ಉಪಕಾರವಾಗಲಿಲ್ಲ ಎಂದಲ್ಲ. ನಾಲೆಯ ನೀರು ಕುಡಿದವರೂ ಕಾರ್ಖಾನೆಯ ಸಂಬಳ ಉಂಡವರೂ ನಮ್ಮಲ್ಲೇ ಇದ್ದಾರೆ. ಆದರೆ ನೀಲಗಿರಿ ತೋಪಿನಲ್ಲಿ ಹಣ್ಣಿಲ್ಲ, ಪೊಟರೆ ಇಲ್ಲ, ಮಂಗಟ್ಟೆ ಕಾಕರಣೆಗಳಿಗೆ ಅದು ಬರೀ ಕಂಬಗಳ ಸಾಲು.

ಕಾಡಿಗಾಗಿ ಮನುಷ್ಯರೂ ಬೆಲೆ ತೆತ್ತಿದ್ದಾರೆ. 2001-02ರಲ್ಲಿ ಭದ್ರಾ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಅವರಲ್ಲಿ ಬಹಳ ಮಂದಿಗೆ ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು, ಮನೆ ಸಿಕ್ಕಿತು. ದೇಶದಲ್ಲೇ ಇದು ಚೆನ್ನಾಗಿ ನಡೆದ ಪುನರ್ವಸತಿ ಎಂದು ಹೆಸರಾಯಿತು. ಏನೇ ಹೆಸರಾದರೂ ಅಜ್ಜ ಮುತ್ತಜ್ಜರ ಮನೆ, ದೇವರ ಬನ ಬಿಟ್ಟು ಬರುವುದು ಸುಲಭದ ಮಾತಲ್ಲ. ಅಷ್ಟು ಜನ ಮನೆಯನ್ನೇ ಬಿಟ್ಟುಕೊಟ್ಟ ಮೇಲೆ, ಪೇಟೆಯಲ್ಲಿ ಕೂತ ನಾವು ರಾತ್ರಿ ಒಂದು ದೀಪ ಆರಿಸಲಾರೆವೇ?

"ಬೇಕಾದಷ್ಟಿದೆ" ಎಂಬ ಮಾತು

ಇಲ್ಲಿ ಒಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ನವರಂಗ ಆಗಲಿ ಕಾಕರಣೆ ಆಗಲಿ ಇವತ್ತೇ ಅಳಿದು ಹೋಗುವ ಪಟ್ಟಿಯಲ್ಲಿಲ್ಲ. ಜಗತ್ತಿನ ಪ್ರಾಣಿಪಕ್ಷಿಗಳ ಸ್ಥಿತಿ ನೋಡಿ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯ ಲೆಕ್ಕದಲ್ಲಿ ಇವೆರಡಕ್ಕೂ ಸದ್ಯಕ್ಕೆ ದೊಡ್ಡ ಗಂಡಾಂತರವಿಲ್ಲ. ಹಾಗಾದರೆ ಇಷ್ಟೆಲ್ಲಾ ಗದ್ದಲ ಯಾಕೆ ಎಂದು ಕೇಳುವ ಬುದ್ಧಿವಂತರಿಗೆ ಮಲಬಾರ್ ಮಂಗಟ್ಟೆಯ ಉದಾಹರಣೆ ಸಾಕು. ನಮ್ಮ ಘಟ್ಟದ ಕಾಡಿನಲ್ಲಿ, ಕಾಫಿ ತೋಟದಲ್ಲಿ ಗಹಗಹಿಸಿ ನಕ್ಕಂತೆ ಕೂಗುವ ಬೂದು ಬಣ್ಣದ ಹಕ್ಕಿ ಅದು. "ಬೇಕಾದಷ್ಟಿದೆ" ಎಂದೇ ಎಲ್ಲರೂ ಅಂದುಕೊಂಡಿದ್ದರು. 2020ರಲ್ಲಿ ಅದೇ ಸಂಸ್ಥೆ ಅದನ್ನು ಅಪಾಯಕ್ಕೆ ಸಿಕ್ಕ ಹಕ್ಕಿಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲೇ, 2018ರಲ್ಲಿ, ದೊಡ್ಡ ದಾಸ ಮಂಗಟ್ಟೆ ಆ ಪಟ್ಟಿ ಸೇರಿತ್ತು.

ಸಾಲ ಬೆಳೆದ ಮೇಲೆ ಅಂಗಡಿ ಮುಚ್ಚುವುದಕ್ಕಿಂತ ಲುಕ್ಸಾನು ಕಂಡ ದಿನವೇ ಖಾತೆ ತೆಗೆದು ನೋಡುವುದು ಜಾಣತನ. ಇದನ್ನು ವ್ಯಾಪಾರಸ್ಥರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು, ಕನ್ನಡದಲ್ಲಿ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. 2007ರಲ್ಲಿ ಅವರು ಹೋದರು. ಅವರು ಬರೆದ ಹಕ್ಕಿಗಳನ್ನು ಅವರದೇ ಜಿಲ್ಲೆಯ ಮಕ್ಕಳು ಕ್ಯಾಟರ್‌ಬಿಲ್ಲಿನ ತುದಿಯಲ್ಲಿ ನೋಡುವಂತಾದರೆ ನಾಚಿಕೆ ಯಾರಿಗೆ?

ಹಕ್ಕಿ ಅಂಗಡಿಗೆ ಬಂದರೆ ಏನು ಮಾಡಬೇಕು?

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹಾಗೂ ಏಪ್ರಿಲ್, ಮೇ ತಿಂಗಳಲ್ಲಿ ಯಾರ ಅಂಗಡಿಗಾದರೂ, ಮನೆಗಾದರೂ ಈ ಅತಿಥಿ ಬರಬಹುದು. ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿಕೊಳ್ಳಲು ಈ ನಾಲ್ಕು ಮಾತು:

ಒಂದು, ಗುಂಪು ಸೇರಿಸಬೇಡಿ. ಕೈಯಿಂದ ಕೈಗೆ ದಾಟಿಸಬೇಡಿ. ಹೆದರಿಕೆಗೇ ಹಕ್ಕಿ ಸಾಯುತ್ತದೆ.

ಎರಡು, ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ನಾಲ್ಕು ತೂತು ಮಾಡಿ, ತಳಕ್ಕೆ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನು ಮೆತ್ತಗೆ ಬಟ್ಟೆಯಿಂದ ಹಿಡಿದು ಒಳಗಿಟ್ಟು ಮುಚ್ಚಿ. ಬೆಕ್ಕು, ನಾಯಿ, ಬಿಸಿಲು ಸೋಕದ ಕತ್ತಲೆ ಮೂಲೆಯಲ್ಲಿಡಿ. ಕತ್ತಲೇ ಅದಕ್ಕೆ ಔಷಧಿ.

ಮೂರು, ಬಾಯಿಗೆ ನೀರು ಹುಯ್ಯಬೇಡಿ. ಹಾಲು, ಅಕ್ಕಿ, ಮಂಡಕ್ಕಿ ಬೇಡವೇ ಬೇಡ. ಅದು ಹುಳ ತಿನ್ನುವ ಹಕ್ಕಿ, ನಮ್ಮ ಉಪಚಾರ ಅದಕ್ಕೆ ವಿಷ.

ನಾಲ್ಕು, ಗಾಯವಿಲ್ಲದೆ ಚೇತರಿಸಿಕೊಂಡರೆ ಸಂಜೆ ಮಬ್ಬಾಗುವ ಹೊತ್ತಿಗೆ ಪೊದೆ, ಮರ ಇರುವ ಕಡೆ ಡಬ್ಬ ತೆರೆದು ದೂರ ಸರಿಯಿರಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಗೋ ಪಶು ವೈದ್ಯರಿಗೋ ಮುಟ್ಟಿಸಿ. ಪಂಜರದಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಲಕ್ಷ್ಮಿ ಬರುವುದಿಲ್ಲ, ಕೇಸು ಬರುತ್ತದೆ.

ಇನ್ನು ಗಾಜಿನ ಅಂಗಡಿಯವರು ಹೊರಗಡೆಯಿಂದ ಪರದೆಯನ್ನೋ, ಒತ್ತೊತ್ತಾಗಿ ಪಟ್ಟಿಗಳನ್ನೋ ಅಂಟಿಸಿದರೆ ಹಕ್ಕಿಗೆ ಅಲ್ಲಿ ಗಾಜಿದೆ ಎಂದು ತಿಳಿಯುತ್ತದೆ. ವ್ಯಾಪಾರ ಮುಗಿದ ಮೇಲೆ ಬೋರ್ಡಿನ ದೀಪ ಆರಿಸಿದರೆ ಹಕ್ಕಿಗೂ ಲಾಭ, ಕರೆಂಟ್ ಬಿಲ್ಲಿಗೂ ಲಾಭ. ಇದಕ್ಕೆ ಸರ್ಕಾರದ ಆಜ್ಞೆ ಬೇಕಾಗಿಲ್ಲ.

ಸರ್ಕಾರ ಮಾಡಬೇಕಾದದ್ದೂ ಇದೆ. ಬೆಂಕಿ ಕಾಲಕ್ಕೆ ಮುಂಚೆ ಬೆಂಕಿರೇಖೆ ಕಡಿಸಬೇಕು. ಬೆಂಕಿ ಕಾಯುವ ದಿನಗೂಲಿ ಕಾವಲುಗಾರರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಸಿಗಬೇಕು. ಕಾಡಿನಂಚಿನ ಸೌದೆಯ ಒಲೆಗಳಿಗೆ ಬದಲಿ ಕೊಡಬೇಕು. ಹೆದ್ದಾರಿ ಬದಿಗೆ ಆಲ, ಅತ್ತಿ, ಹೊಂಗೆ, ನೇರಳೆಯಂಥ ನಾಡಮರಗಳನ್ನೇ ನೆಟ್ಟು ಉಳಿಸಬೇಕು. ಪುರಸಭೆ, ಪಟ್ಟಣ ಪಂಚಾಯಿತಿಗಳು ಹಳ್ಳದ ದಂಡೆ, ಕೆರೆ ಏರಿಯ ಹಿಂದಿನ ಪೊದೆಯನ್ನೆಲ್ಲಾ ಸ್ವಚ್ಛತೆಯ ಹೆಸರಿನಲ್ಲಿ ಬೋಳಿಸುವುದನ್ನು ನಿಲ್ಲಿಸಬೇಕು.

ಕಡೂರಿನ ಹಕ್ಕಿ ಏನಾಯಿತು?

ಆ ದಿನ ಬೆಳಿಗ್ಗೆ ಗುಂಪಿನಲ್ಲಿದ್ದವರು ಪಂಜರದ ಮಾತಾಡುತ್ತಿದ್ದಾಗ, ಕಾಲೇಜಿಗೆ ಹೊರಟಿದ್ದ ಹುಡುಗಿಯೊಬ್ಬಳು ಮುಂದೆ ಬಂದಳು. "ಅಂಕಲ್, ಅದು ನವರಂಗ. ಸುಸ್ತಾಗಿದೆ ಅಷ್ಟೇ. ಡಬ್ಬದಲ್ಲಿಟ್ಟು ಸಂಜೆ ಬಿಟ್ಬಿಡಿ" ಎಂದವಳೇ ತನ್ನ ಬಸ್ಸು ಬಂತೆಂದು ಓಡಿದಳು. ಹೆಸರು ಕೇಳಲೂ ಆಗಲಿಲ್ಲ.

ಯಜಮಾನರು ಒಂದು ಗಳಿಗೆ ಯೋಚಿಸಿದರು. ಬಿಸ್ಕತ್ತಿನ ಡಬ್ಬ ಖಾಲಿ ಮಾಡಿದರು. ಹಕ್ಕಿಯನ್ನು ಅದರೊಳಗಿಟ್ಟು ಗೋದಾಮಿನ ಮೂಲೆಗೆ ಸೇರಿಸಿದರು. ದಿನವಿಡೀ ಗಿರಾಕಿಗಳು "ತೋರ್ಸಿ ತೋರ್ಸಿ" ಎಂದರೂ ಡಬ್ಬ ತೆಗೆಯಲಿಲ್ಲ. "ನಿಮ್ಮನೆ ಬಾಣಂತಿನ ಹಿಂಗೇ ದಿನಾ ಎಬ್ಬಿಸ್ತೀರೇನ್ರೀ?" ಎಂದು ಒಬ್ಬರಿಗೆ ಗದರಿದ್ದೂ ಆಯಿತು.

ಸಂಜೆ ಆರಕ್ಕೆ ಅಂಗಡಿಯನ್ನು ಮಗನ ಕೈಗೆ ಕೊಟ್ಟು, ಡಬ್ಬವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೊರಟರು. ಹಿಂದಿನ ಸೀಟಿನಲ್ಲಿ ಈ ವರದಿಗಾರ. ಊರಾಚೆ ಹಳ್ಳದ ದಂಡೆಯಲ್ಲಿ ಇನ್ನೂ ನಾಲ್ಕು ಹೊಂಗೆ ಮರ, ಒಂದಷ್ಟು ಪೊದೆ ಉಳಿದಿರುವ ಜಾಗ. ಪಶ್ಚಿಮಕ್ಕೆ ಗಿರಿಸಾಲು ಕಪ್ಪಾಗುತ್ತಿತ್ತು. ಡಬ್ಬದ ಮುಚ್ಚಳ ತೆರೆದು ಹತ್ತು ಹೆಜ್ಜೆ ಹಿಂದೆ ಬಂದೆವು.

ಐದು ನಿಮಿಷ ಏನೂ ಇಲ್ಲ. ಸತ್ತೇ ಹೋಯಿತೇನೋ ಎಂದು ಯಜಮಾನರ ಮುಖ ಸಣ್ಣದಾಯಿತು. ಆಮೇಲೆ ಡಬ್ಬದ ಅಂಚಿಗೆ ಹಕ್ಕಿ ಬಂದು ಕೂತಿತು. ಮೊಂಡು ಬಾಲವನ್ನು ಎರಡು ಸಲ ಕುಣಿಸಿತು. ಕೆಳಗೆ ಹಾರಿ, ಒಂದು ಎಲೆ ಮಗುಚಿ, ಏನನ್ನೋ ನುಂಗಿ, ಕುಪ್ಪಳಿಸುತ್ತಾ ಪೊದೆಯೊಳಗೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಎರಡು ಸ್ವರದ ಸಿಳ್ಳೆ.

ಯಜಮಾನರು ಕೈಗಡಿಯಾರ ನೋಡಿಕೊಂಡರು. "ಆರೂ ಇಪ್ಪತ್ತು. ಇಪ್ಪತ್ ನಿಮಿಷ ಲೇಟು" ಎಂದು ನಕ್ಕರು. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬಂದ ಲುಕ್ಸಾನಿನ ಮಾತನ್ನು ಅವರು ಎತ್ತಲೇ ಇಲ್ಲ.

ಆ ನಾಲ್ಕು ಹೊಂಗೆ ಮರಗಳಿಗೆ ಯಾರೋ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಏತಕ್ಕೆಂದು ಬೇರೆ ಹೇಳಬೇಕಾಗಿಲ್ಲ. ಬರುವ ಅಕ್ಟೋಬರಿನಲ್ಲಿ ನವರಂಗ ಮತ್ತೆ ಬಂದರೆ ಇಳಿಯುವುದೆಲ್ಲಿ? ಸಂಬಂಧಪಟ್ಟವರು ಅಷ್ಟರೊಳಗೆ ಇತ್ತ ಗಮನ ಹರಿಸುವರೇ?